ಬಡಗಿಯ ಕಾಲಡಿಯ ಕಂಬಳಿ

ಬೆಳಿಗ್ಗೆಯಿಂದ ಗುಬ್ಬಿಯ ಎದೆ ಸುಯ್ ಸುಯ್ ಎನ್ನುತ್ತಿತ್ತು. ಅಮ್ಮ ಒಲೆಯ ಮುಂದೆ ನಿಂತಿದ್ದಳು, ಕಿವಿಯೆಲ್ಲ ಮಗಳ ಕಡೆಗೇ. ಹಾಲು ಉಕ್ಕಿ ಹರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಗುಬ್ಬಿಗೆ ಐದು ವರ್ಷ. ಅಪ್ಪ ಬಡಗಿ. ಮನೆಯ ಹಿಂದಿನ ಕೋಣೆಯೇ ಅವನ ಕೆಲಸದ ಜಾಗ. ಆ ಕೋಣೆಗೂ ಗುಬ್ಬಿ ಮಲಗುವ ಕೋಣೆಗೂ ನಡುವೆ ಒಂದೇ ಬಾಗಿಲು. “ಔಷಧಿ ತಪ್ಪಿಸಬೇಡಿ, ಮಗುವನ್ನು ಧೂಳಿನಿಂದ ದೂರ ಇಡಿ” ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಮರ ಉಜ್ಜುವ ಮನೆಯಲ್ಲಿ ದೂರ ಎಂದರೆ ಎಲ್ಲಿ? ಕೊನೆಗೆ ಗಂಡ ಹೆಂಡತಿ ಮನಸ್ಸು ಕಲ್ಲು ಮಾಡಿಕೊಂಡರು. ಭಾನುವಾರ ನಾದಿನಿ, ಬಡಗಿಯ ತಂಗಿ, ಬರುತ್ತಾಳೆ, ಗುಬ್ಬಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ, ಅಲ್ಲೇ ಶಾಲೆಗೂ ಸೇರಿಸುತ್ತಾಳೆ ಎಂದು ತೀರ್ಮಾನವಾಯಿತು.

ಅಂದಿನಿಂದ ಅಮ್ಮನಿಗೆ ಒಂದೇ ಯೋಚನೆ. ಬೇರೆ ಮನೆಯಲ್ಲಿ ಉಸಿರು ಕಟ್ಟಿದರೆ ಮಗು ಯಾರನ್ನು ಕರೆದೀತು?

ಬುಧವಾರ ಆರೋಗ್ಯ ಕೇಂದ್ರದ ನರ್ಸಕ್ಕ ಗುಬ್ಬಿಯನ್ನು ನೋಡಲು ಬಂದರು. ಬಡಗಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕಪಾಟಿನ ಬಾಗಿಲು ಉಜ್ಜುತ್ತಿದ್ದ. ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ಹಿಟ್ಟಿನ ಗಿರಣಿಯವನ ಹಾಗೆ ಕಾಣುತ್ತಿದ್ದ.

“ಕಿಟಕಿ ಯಾಕೆ ಮುಚ್ಚಿದ್ದೀರಿ, ಮೇಸ್ತ್ರಿ?”

“ನಾಳೆ ಪಾಲಿಶ್ ಹಚ್ಚಬೇಕಲ್ಲಕ್ಕಾ. ಬೀದಿ ಧೂಳು ಬಂದು ಕೂತ್ರೆ ಪಾಲಿಶ್ ಹಾಳಾಗುತ್ತೆ.”

“ಅಂದ್ರೆ ಕಪಾಟಿಗೆ ಧೂಳು ಆಗಲ್ಲ. ಮಗುಗೆ ಆಗುತ್ತಾ?”

“ಮರದ ಹುಡಿ ಯಾರನ್ನ ಏನು ಮಾಡಿದೆ ಹೇಳಿ. ನಮ್ಮಪ್ಪ ನಲವತ್ತು ವರ್ಷ ಇದರಲ್ಲೇ ಮುಳುಗಿ ಎದ್ದವರು.”

“ಅವರಿಗೆ ಕೆಮ್ಮು ಇರಲಿಲ್ವಾ?”

“ಇತ್ತು. ಅದು ಸಿಗರೇಟು ಕೆಮ್ಮು.”

“ಮಾವ ಸಿಗರೇಟು ಮುಟ್ಟಿದವರೇ ಅಲ್ವಲ್ಲ ರೀ,” ಎಂದಳು ಹೆಂಡತಿ ಹೊಸ್ತಿಲಲ್ಲಿ ನಿಂತು.

ಬಡಗಿ ಅವಳನ್ನು ದುರುಗುಟ್ಟಿ ನೋಡಿದ. “ಹುಡಿ ಇಲ್ಲೇ ಕೆಳಗೆ ಬೀಳುತ್ತೆ. ಸಂಜೆ ನೀನೇ ಗುಡಿಸ್ತೀಯ. ಬಾಗಿಲೂ ಹಾಕಿರ್ತೀನಿ. ಮಗು ಕೋಣೆಗೆ ಅದೇನು ಕಾಲು ಬಂದು ನಡ್ಕೊಂಡು ಹೋಗುತ್ತಾ?”

ನರ್ಸಕ್ಕ ವಾದ ಮಾಡಲಿಲ್ಲ. ಗುಬ್ಬಿಯ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅವಳ ದಿಂಬಿನ ಪಕ್ಕ ಇಟ್ಟರು. “ನೀವು ಬಾಗಿಲು ಹಾಕ್ಕೊಂಡು ಒಂದು ಗಂಟೆ ಕೆಲಸ ಮಾಡಿ ಮೇಸ್ತ್ರಿ. ನಾನು ಪಕ್ಕದ ಬೀದಿ ಮುಗಿಸಿ ಬರ್ತೀನಿ.” ಅಮ್ಮ ಮಗಳನ್ನು ಎತ್ತಿಕೊಂಡು ಹೊರಗೆ ಜಗಲಿಯಲ್ಲಿ ಕೂತಳು.

ಗಂಟೆ ಬಿಟ್ಟು ಬಂದು ನೋಡಿದರೆ ಕಪ್ಪು ಸ್ಲೇಟು ಮಂಕಾಗಿತ್ತು.

“ಬೀದಿ ಧೂಳು,” ಎಂದ ಬಡಗಿ.

“ನೀವೇ ಮುಟ್ಟಿ ನೋಡಿ ಹೇಳಿ.”

ಅವನು ಬೆರಳಿನಿಂದ ಒರೆಸಿಕೊಂಡ, ತಿಕ್ಕಿದ, ಮೂಗಿನ ಹತ್ತಿರ ಹಿಡಿದ. ಕಣ್ಣು ಕಟ್ಟಿದರೂ ಮರ ಯಾವುದೆಂದು ಹೇಳುವವನು ಅವನು.

“ತೇಗ,” ಎಂದ ಕೊನೆಗೆ. ಅವನು ಉಜ್ಜುತ್ತಿದ್ದ ಕಪಾಟೂ ತೇಗದ್ದೇ.

“ಕಣ್ಣಿಗೆ ಕಾಣೋ ಹೊಟ್ಟು ನೆಲಕ್ಕೆ ಬೀಳುತ್ತೆ ಮೇಸ್ತ್ರಿ. ಕಾಣದ ನುಣ್ಣನೆ ಹುಡಿ ಗಂಟೆಗಟ್ಟಲೆ ತೇಲುತ್ತೆ. ಬಾಗಿಲ ಕೆಳಗೆ ಒಂದು ಬೆರಳು ಸಂದು ಇದ್ರೂ ಸಾಕು ಅದಕ್ಕೆ. ಎದೆಯ ಆಳಕ್ಕೆ ಇಳಿಯೋದೂ ಅದೇ. ಮಗುಗೆ ಮಾತ್ರ ಅಲ್ಲ, ನಿಮಗೂ.”

ಅವರು ಕೆಲಸದ ಕೋಣೆಗೆ ಹೋಗಿ ಮೇಜಿನ ಮುಂದೆ ನಿಂತರು. ಕಾಲಿಟ್ಟ ಕೂಡಲೇ ಬುಸ್ಸೆಂದು ಹುಡಿ ಎದ್ದಿತು. ಕಾಲಡಿಯಲ್ಲಿ ನಾಲ್ಕು ಮಡಿಕೆಯ ಹಳೆ ಕಂಬಳಿ.

“ಇದನ್ನ ಯಾರು ಹಾಸಿದ್ದು?”

“ನಾನೇ ಅಕ್ಕಾ,” ಎಂದಳು ಅಮ್ಮ. “ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಂತು ಇವರ ಹಿಮ್ಮಡಿ, ಮಂಡಿ ಹಿಡ್ಕೋತಿತ್ತು. ಮೆತ್ತಗಿರಲಿ ಅಂತ ಹಾಸಿದೆ.”

“ಒಗೆಯೋದು ಯಾವಾಗ?”

“ದಿನಾ ಸಂಜೆ ಹಿತ್ತಿಲಲ್ಲಿ ಕೊಡವ್ತೀನಿ.”

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಅವಳು ಕೊಡವುತ್ತಿದ್ದದ್ದು ಗುಬ್ಬಿಯ ಕಿಟಕಿಯ ಕೆಳಗೆ. ಬಗ್ಗಿ ಒಣ ಪೊರಕೆಯಿಂದ ಗುಡಿಸುವಾಗ ಗುಬ್ಬಿ ಅವಳ ಬೆನ್ನಿಗೇ ಅಂಟಿಕೊಂಡಿರುತ್ತಿದ್ದಳು.

“ಹಾಗಾದ್ರೆ ನಾನೇ...”

“ಅಳಬೇಡ ಕಣಮ್ಮ. ನೀನು ಪ್ರೀತಿಯಿಂದ ಹಾಸಿದೆ. ಹುಡಿಗೆ ಅದೆಲ್ಲ ಗೊತ್ತಾಗಲ್ಲ ನೋಡು. ಕಂಬಳಿ ಅದನ್ನ ಹೀರ್ಕೊಳ್ಳುತ್ತೆ, ತುಳಿದಾಗೆಲ್ಲ ಉಗುಳುತ್ತೆ. ಪಕ್ಕದಲ್ಲೇ ಕರೆಂಟು ಗರಗಸ ಇದೆ, ಮಡಿಕೆ ಜಾರಿ ಇವರು ಮುಗ್ಗರಿಸಿದ್ರೆ ಕೈಬೆರಳೇ ಹೋಗುತ್ತೆ.”

“ಹೋದ ವಾರ ಒಂದ್ಸಲ ಜಾರಿತ್ತು,” ಎಂದ ಬಡಗಿ ಮೆಲ್ಲಗೆ. ಆ ವಿಷಯ ಹೆಂಡತಿಗೂ ಹೇಳಿರಲಿಲ್ಲ.

ಮರುದಿನ ಕೆಲಸ ನಿಂತಿತು. ಹಿಂದಿನ ಗೋಡೆಗೆ, ಖಾಲಿ ಜಾಗದ ಕಡೆಗೆ, ಹುಡಿ ಹೊರಗೆ ತಳ್ಳುವ ಫ್ಯಾನು ಕೂತಿತು. ಎದುರಿನ ಕಿಟಕಿ ತೆರೆಯಿತು. ಯಾರೋ ಬೇಡವೆಂದು ಕೊಟ್ಟಿದ್ದ ವ್ಯಾಕ್ಯೂಮ್ ಕ್ಲೀನರಿಗೆ ನುಣ್ಣನೆ ಹುಡಿ ತಡೆಯುವ ಫಿಲ್ಟರ್ ಹಾಕಿಸಿ, ಅದರ ಪೈಪನ್ನು ಉಜ್ಜುವ ಮೆಷಿನ್ನಿನ ಬಾಯಿಗೇ ಕಟ್ಟಿದ. ಹುಡಿ ಗಾಳಿಗೆ ಹಾರುವ ಮೊದಲೇ ಅದು ಎಳೆದುಕೊಳ್ಳುತ್ತಿತ್ತು. ನೆಲಕ್ಕೆ ಬಣ್ಣ ಬಳಿದ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುವಂತೆ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆದ. ಮೇಜಿನ ಮುಂದೆ, ಗರಗಸದ ಮುಂದೆ ದಪ್ಪ ರಬ್ಬರ್ ಮ್ಯಾಟು ಬಂತು. ಅದರ ಅಂಚು ಇಳಿಜಾರು, ಕಾಲು ಎಡವುವುದಿಲ್ಲ. ಬಡಗಿಯ ಮೂಗು ಬಾಯಿಗೆ ಬಿಗಿಯಾಗಿ ಕೂರುವ ಮಾಸ್ಕು ಬಂತು.

“ಕುದುರೆ ಬಾಯಿಗೆ ಚೀಲ ಕಟ್ಟಿದ ಹಾಗಿದೆ,” ಎಂದು ಗೊಣಗಿದ.

“ಹಾಗಾದ್ರೂ ಬಾಯಿ ಮುಚ್ಚಿರುತ್ತೆ ಬಿಡಿ,” ಎಂದಳು ಹೆಂಡತಿ. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು.

ಭಾನುವಾರ ನಾದಿನಿ ಬಂದಳು. ಗುಬ್ಬಿಯ ಎದೆಗೆ ಕಿವಿ ಇಟ್ಟಳು. “ಇನ್ನೂ ಸದ್ದಿದೆಯಲ್ಲ ಅತ್ತಿಗೆ?”

ಅಮ್ಮ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇದೆ. ಮನೇಲಿ ಹುಡಿ ಈಗಷ್ಟೇ ತಡೆದಿದ್ದೀವಿ, ಮೂರು ದಿನದಲ್ಲಿ ಹೋಗಲ್ಲ ಅಂದಿದ್ದಾರೆ ನರ್ಸಕ್ಕ. ಔಷಧಿ ನಡೀತಾ ಇದೆ. ಹದಿನೈದು ದಿನ ಬಿಟ್ಟು ಡಾಕ್ಟರಿಗೆ ತೋರಿಸ್ತೀವಿ. ಅವರು ಕಳಿಸಿ ಅಂದ್ರೆ ನಾನೇ ಕರ್ಕೊಂಡು ಬಂದು ಬಿಡ್ತೀನಿ.”

ನಾದಿನಿ ಅಣ್ಣನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಒಬ್ಬಳೇ ಹಿಂತಿರುಗಿದಳು.

ಆ ಹದಿನೈದು ದಿನ ಅಮ್ಮ ಮಗಳ ಉಸಿರು ಎಣಿಸುತ್ತಲೇ ಕಳೆದಳು. ಕೆಲವು ದಿನ ಸದ್ದು ಇಳಿಯುತ್ತಿತ್ತು, ಒಂದು ದಿನ ಮತ್ತೆ ಏರಿದಾಗ ಅವಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದಳು. ಕೊನೆಗೆ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಮುಂದೆ, ಹಿಂದೆ, ಮತ್ತೆ ಮುಂದೆ ಕೇಳಿದರು. “ಬಹಳ ಕಮ್ಮಿಯಾಗಿದೆ. ಔಷಧಿ ಮುಂದುವರಿಸಿ. ಮಗುವನ್ನು ಎಲ್ಲಿಗೂ ಕಳಿಸೋದು ಬೇಡ.”

ಅಂದು ಸಂಜೆ ಬಡಗಿ ಕೆಲಸ ಮುಗಿಸಿ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ. ಗುಬ್ಬಿ ಸೊಂಟಕ್ಕೆ ಕೈಯಿಟ್ಟು ಹಿಂದೆ ಸರಿದಳು.

“ಮೊದಲು ಅಂಗಿ ಬದಲಾಯಿಸಪ್ಪಾ. ಆಮೇಲೆ ಎತ್ಕೋ.”

ಮನೆಯಲ್ಲೇ ಮರದ ಕೆಲಸ ಮಾಡುವ ಅಣ್ಣಂದಿರೇ, ಆ ಮನೆಗಳನ್ನು ಗುಡಿಸುವ ಅಕ್ಕತಂಗಿಯರೇ, ಕೆಲಸ ಬಿಡಿ ಎಂದು ನಿಮಗೆ ಯಾರೂ ಹೇಳುತ್ತಿಲ್ಲ. ಹುಡಿಯನ್ನು ಅದು ಹುಟ್ಟುವ ಜಾಗದಲ್ಲೇ ಹಿಡಿಯಿರಿ. ಒಣ ಪೊರಕೆ ಬಿಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾಲಿಗೆ ಮೆತ್ತಗೆ ಬೇಕಾದರೆ ರಬ್ಬರ್ ಹಾಸಿ, ಬಟ್ಟೆ ಹಾಸಬೇಡಿ. ಮಗುವಿನ ಎದೆಯಲ್ಲಿ ಸದ್ದು ಕೇಳಿಸಿದರೆ ನಾಳೆ ನೋಡೋಣ ಎನ್ನಬೇಡಿ. ಇವತ್ತೇ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.