ತಂಪಿಲ್ಲದ ಪುದೀನ

ಪುದೀನ ಎಣ್ಣೆ ತಣ್ಣಗೆ ಕೊರೆಯುವುದಿಲ್ಲ. ಇದನ್ನು ಎಷ್ಟು ಜನರಿಗೆ ಹೇಳಿ ಗಂಟಲು ಹರಿದುಕೊಂಡಿದ್ದೇನೋ! ಕೊರೆಯುವುದು ಪೆಪ್ಪರ್‌ಮಿಂಟ್. ನಮ್ಮ ಭಟ್ಟಿಯಲ್ಲಿ ಇಳಿಯುವುದು ಸ್ಪಿಯರ್‌ಮಿಂಟ್, ಅಡುಗೆಮನೆಯ ಪುದೀನ. ಸಿಹಿ ವಾಸನೆ, ಸಾಧು ಸ್ವಭಾವ. ಆದರೆ ಗಿರಾಕಿಗೆ ಹಚ್ಚಿದ ಕೂಡಲೇ ಚಳಿ ಹತ್ತಬೇಕು. ಹತ್ತದಿದ್ದರೆ ಎಣ್ಣೆಯನ್ನೇ ಕಲಬೆರಕೆ ಅನ್ನುತ್ತಾನೆ.

ಭಟ್ಟಿ ಅಮ್ಮನ ತಮ್ಮನದು, ಅಂದರೆ ಮಾವನದು. ಶಾಲೆ ಬಿಟ್ಟಾಗಿನಿಂದ ನಾನು ಅಲ್ಲೇ. ಹಂಡೆಗೆ ಸೊಪ್ಪು ತುಳಿದು ತುಂಬುವುದು, ಬೆಂಕಿ ನೋಡಿಕೊಳ್ಳುವುದು, ನೀರಿನ ಮೇಲೆ ತೇಲಿದ ಎಣ್ಣೆಯನ್ನು ಬೇರೆ ಮಾಡುವುದು ನನ್ನ ಕೆಲಸ. ಬಾಟಲಿ ತುಂಬಿ ಸೀಲ್ ಹಾಕುವುದು ಮಾತ್ರ ಮಾವನೇ, ಒಳಕೋಣೆಯ ಬಾಗಿಲು ಮುಚ್ಚಿಕೊಂಡು.

ಅಕ್ಕ ಅರೋಮಾಥೆರಪಿ ಕಲಿತವಳು. ಮಡಚುವ ಮಂಚವನ್ನು ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ಸುಗಂಧದ ಎಣ್ಣೆಯಲ್ಲಿ ಮಾಲೀಶು ಮಾಡುತ್ತಿದ್ದಳು. ಮೆಟ್ಟಿಲು ಹತ್ತಿ ಹತ್ತಿ ಅವಳ ಸೊಂಟವೇ ಮಾಲೀಶು ಬೇಡುತ್ತಿತ್ತು. ಅಂದು ದೊಡ್ಡದೊಂದು ಹೋಟೆಲಿನಲ್ಲಿ ಅವಳಿಗೆ ಪರೀಕ್ಷೆ. ಅಲ್ಲಿನ ಮ್ಯಾನೇಜರ್ ಮೇಡಂ ಒಪ್ಪಿದರೆ ಖಾಯಂ ಕೆಲಸ, ಅವಳದೇ ಒಂದು ಕೋಣೆ.

"ಮೇಡಂಗೆ ದಿನವೂ ತಲೆಭಾರವಂತೆ," ಎಂದಳು ಭಟ್ಟಿಗೆ ಬಂದು, ನಮ್ಮ ಪುದೀನ ಎಣ್ಣೆಯ ಬಾಟಲಿಯನ್ನು ಚೀಲಕ್ಕೆ ಹಾಕುತ್ತ. "ಬಾದಾಮಿ ಎಣ್ಣೆಗೆ ಇದು ನಾಲ್ಕೇ ತೊಟ್ಟು, ಕುತ್ತಿಗೆಗೆ, ಭುಜಕ್ಕೆ. ಹಾಯಾಗತ್ತೆ."

"ತಲೆಭಾರ ವಾಸಿಯಾಗತ್ತಾ?"

"ಹಾಯಾಗತ್ತೆ ಅಂದೆ ಕಣೋ. ಅದೇನು ಕಮ್ಮೀನಾ?"

ಅವಳು ಹೊರಟ ಮೇಲೆ ಆಲಿಕೆ ಬೇಕಾಗಿ ಒಳಕೋಣೆಗೆ ನುಗ್ಗಿದೆ. ಮಾವನ ಮುಂದೆ ಮೇಜಿನ ಮೇಲೆ ಕಲ್ಲುಪ್ಪಿನಂಥ ಹರಳುಗಳು. ಒಂದನ್ನು ನಾಲಿಗೆಗೆ ಇಟ್ಟೆ. ಬಾಯೆಲ್ಲ ಮಂಜುಗಡ್ಡೆಯಾಯಿತು.

"ಏನ್ ಮಾವ ಇದು?"

"ಮೆಂಥಾಲ್ ಕಣೋ ಕೆಂಡ, ತಂಪಿಗೆ." ನನ್ನ ಮೂತಿ ನೋಡಿ ಮಾವ ಇಟ್ಟ ಹೆಸರು ಕೆಂಡ.

"ಅಕ್ಕನ ಬಾಟಲಿಗೂ ಹಾಕಿದ್ಯಾ?"

"ಹಾಕದೆ ಇರ್ತೀನಾ? ಮನೆಮಗಳು ಅಂತ ಒಂದು ಚಿಟಿಕೆ ಜಾಸ್ತೀನೇ ಹಾಕಿದೀನಿ!"

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹೋಟೆಲಿನ ಕಾವಲುಗಾರ ನನ್ನ ಎಣ್ಣೆಜಿಡ್ಡಿನ ಅಂಗಿ ನೋಡಿ ಅಡ್ಡ ನಿಂತ. ಹಿಂದಿನಿಂದ, ಒಗೆಯುವ ಬಟ್ಟೆ ರಾಶಿ ಹಾಕುವ ಬಾಗಿಲಿನಿಂದ ನುಸುಳಿದೆ. ಕೋಣೆ ಹುಡುಕಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಗಲ ಮೇಲೆ ಟವೆಲ್ ಹೊದ್ದು ಮೇಡಂ ಕುಳಿತಿದ್ದರು. ಕುತ್ತಿಗೆ ಟೊಮೇಟೊ ಹಣ್ಣಾಗಿತ್ತು, ಮುಖ ಮಾತ್ರ ಅರಳಿತ್ತು.

"ಪುದೀನ ಅಂದ್ರೆ ಇದು! ಹೋದ ಸಲ ಬಂದವಳು ತಂದಿದ್ದು ಬರೀ ಸೊಪ್ಪಿನ ವಾಸನೆ. ಚೂರೂ ತಂಪಿಲ್ಲ."

"ಮೇಡಂ, ಆ ಸೊಪ್ಪಿನ ವಾಸನೇನೇ ಅಸಲಿ," ಎಂದು ಬಾಗಿಲಿನಿಂದಲೇ ಕೂಗಿದೆ.

"ಯಾರಪ್ಪ ನೀನು?"

"ಎಣ್ಣೆ ಇಳಿಸೋನು."

"ಚೆನ್ನಾಗೇ ಇಳಿಸಿದೀಯ ಬಿಡು. ಇದನ್ನೇ ಕಳಿಸ್ತಿರು."

ಅಕ್ಕ ಕೈ ಒರೆಸಿಕೊಳ್ಳುತ್ತ ಎಂದಳು: "ಮೊದಲೇ ಹೇಳಿದ್ನಲ್ಲ ಮೇಡಂ, ಇದರಲ್ಲಿ ಮೆಂಥಾಲ್ ಸೇರಿದೆ. ಹಚ್ಚೋಕೆ ಮುಂಚೆ ಎಲ್ಲರಿಗೂ ಹೇಳೇ ಹಚ್ಚೋದು ನಾನು."

"ಹೇಳ್ಕೋಮ್ಮ, ಯಾರು ಬೇಡ ಅಂದ್ರು? ಸೋಮವಾರದಿಂದ ಬಂದುಬಿಡು."

ಅಂದರೆ ಅಕ್ಕನಿಗೂ ಮೊದಲಿನಿಂದ ಗೊತ್ತಿತ್ತು, ನನಗೊಬ್ಬನಿಗೇ ಇಲ್ಲ! ಹೊರಗಿನ ಪಡಸಾಲೆಯಲ್ಲಿ ನಾನು ಕುದಿಯುತ್ತಿದ್ದೆ. "ವಾಪಸ್ ಹೋಗಿ ಆಗಲ್ಲ ಅನ್ನು. ನಾನು ಬೆಂಕಿ ಮುಂದೆ ಬೆಂದು ಇಳಿಸಿದ್ದಕ್ಕೆ ಬೆಲೆ ಇಲ್ವಾ? ನೀನು ಕಲ್ತಿದ್ದಕ್ಕೆ?"

ಅಕ್ಕ ಹೆಗಲ ಮೇಲಿನ ಮಂಚವನ್ನು ತೆಗೆದು ನನ್ನ ಹೆಗಲಿಗೆ ಹೊರಿಸಿದಳು. "ಒಂದು ವಾರ ಹೊತ್ಕೊಂಡು ಓಡಾಡು. ಆಮೇಲೂ ಹೀಗೇ ಅಂದ್ರೆ ನಾನೇ ಹೋಗಿ ಬೇಡ ಅಂತೀನಿ."

ಕಬ್ಬಿಣದ ಅಂಚು ಮೂಳೆಗೆ ಒತ್ತಿತು. ಯಾರಿಗೆ ಬೈಯಲಿ? ಮಾವ ಕಳ್ಳ, ಸರಿ. ಆದರೆ ಮೇಡಂ ಕೇಳಿದ್ದೇ ಕಳ್ಳಮಾಲು. ಅಕ್ಕನಿಗೆ ಬೈದರೆ ಬಾಯಿಗೆ ಹುಳ ಬಿದ್ದೀತು.

"ಮಾವಂಗೆ ಹೇಳು, ಕೈಗೆ ಬಂದಷ್ಟು ಸುರೀಬೇಡ ಅಂತ. ಯಾರದಾದ್ರೂ ಚರ್ಮ ಸುಟ್ಟೀತು," ಎಂದಳು.

ಭಟ್ಟಿಗೆ ಬಂದು ಸುದ್ದಿ ಹೇಳಿದರೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ಲೋ ನಿನ್ನ ಅಸಲಿ? ಯಾರಿಗೋ ಬೇಕಿತ್ತು ಅದು?"

ಹಂಡೆಯನ್ನು ಒದೆಯಬೇಕೆನಿಸಿತು. ಒದೆಯಲಿಲ್ಲ, ಅದು ಕಾದಿತ್ತು. ಒಳಕೋಣೆಯ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದು, ಅವನ ಕುರ್ಚಿಯಲ್ಲಿ ಕುಳಿತೆ.

"ಅವಳ ಬಾಟಲಿ ಇನ್ಮೇಲೆ ನಾನು ತುಂಬ್ತೀನಿ. ಚಿಟಿಕೆ ಪಿಟಿಕೆ ನಡೆಯಲ್ಲ. ತಕ್ಕಡಿ ಎಲ್ಲಿಟ್ಟಿದ್ದೀಯ, ತಾ."