ಹೂಂ

ವೆಲ್ಡರ್‌ನ ಮುಂದಿನ ಹಲ್ಲು ಅಲುಗಾಡಿದ್ದು ಒಂದು ನೀಲಿ ಅಂಗಿಗಾಗಿ. ಕಾರ್ಖಾನೆಯ ಗೇಟಿನ ಮುಂದೆ ಬೆಳಗ್ಗೆಯೇ ಹಳೆಯ ಕೆಲಸಗಾರರೆಲ್ಲ ಸೇರಿದ್ದರು. ಬಂದಿದ್ದ ಅಂಗಿಗಳು ಅರ್ಧ ಜನಕ್ಕೂ ಸಾಲುವಂತಿರಲಿಲ್ಲ. ಅಂಗಿ ಸಿಕ್ಕವನು ಒಳಗೆ, ಸಿಗದವನು ಹೊರಗೆ ಎಂದು ಸೂಪರ್‌ವೈಸರ್ ಹೇಳಿ ಮುಗಿಸುವ ಮೊದಲೇ ರಟ್ಟಿನ ಪೆಟ್ಟಿಗೆ ಹರಿದುಹೋಗಿತ್ತು. ಪ್ರೆಸ್ ಆಪರೇಟರ್‌ನ ಕೈಗೆ ಅಂಗಿಯ ಒಂದು ತೋಳು ಸಿಕ್ಕಿತು, ವೆಲ್ಡರ್‌ನ ಕೈಗೆ ಇನ್ನೊಂದು. ವರ್ಷಗಟ್ಟಲೆ ಒಂದೇ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿ ಉಂಡವರು ಅವರು.

"ಬಿಡೋ," ಎಂದ ವೆಲ್ಡರ್.

"ನೀನು ಬಿಡು. ನಿಂಗೆ ಗೂಡ್ಸ್ ಗಾಡಿ ಇದೆ, ದಿನಾ ಬಾಡಿಗೆ ಹೊಡೀತೀಯ."

"ಅದು ನಮ್ಮ ಮಾವಂದು ಕಣೋ. ಹತ್ತೋವಾಗ ಒಂದು ಮಾತು ಕೇಳ್ಬೇಕು, ಇಳಿಯೋವಾಗ ಒಂದು ಮಾತು ಕೇಳ್ಬೇಕು."

ಆಪರೇಟರ್‌ಗೆ ನಗು ಬಂತು. ನಗುತ್ತಲೇ ಹೊಡೆದ. ಗೆಣ್ಣು ಹಲ್ಲಿಗೆ ತಾಗಿದ್ದು ಅವನಿಗೂ ಗೊತ್ತಾಯಿತು. ವೆಲ್ಡರ್ ಬಾಯಿಗೆ ಕೈ ಹಿಡಿದು ಕುಕ್ಕರುಗಾಲಲ್ಲಿ ಕೂತ. ಅಂಗಿ ಆಪರೇಟರ್‌ನ ಕೈಗೆ ಬಂತು. ಒಳಗೆ ಹೋಗಿ ತೊಟ್ಟುಕೊಂಡಾಗ ಸೂಪರ್‌ವೈಸರ್ ಅವನ ಅಂಗಿಯ ತೋಳಿನ ಅಂಚಿನತ್ತ ಕಣ್ಣು ಹಾಯಿಸಿ, "ತೋಳು ಮಡಚ್ಕೊ, ರಕ್ತ ಕಾಣ್ತಿದೆ" ಎಂದ.

ಮಧ್ಯಾಹ್ನದೊಳಗೆ ಸಚಿವರು ಬರುವವರಿದ್ದರು. ರಾಜ್ಯ ಈ ವರ್ಷ ಎಷ್ಟು ಮುಂದೆ ಬಂದಿದೆ, ಎಷ್ಟು ಬಂಡವಾಳ ಹರಿದುಬಂದಿದೆ ಎಂದು ಎಲ್ಲರೆದುರು ಸಾರುವ ದಿನ ಅದು. ಹೊರದೇಶದ ಬಂಡವಾಳಗಾರರನ್ನೂ ಕರೆತರುತ್ತಿದ್ದರು. ಕಳೆದ ವರ್ಷ ಇದೇ ದಿನ ಈ ಕಾರ್ಖಾನೆಯನ್ನು ರಾಜ್ಯದ ಹೆಮ್ಮೆ ಎಂದು ತೋರಿಸಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿತ್ತು. ಆದರೆ ಈ ವರ್ಷದ ವರದಿಯಲ್ಲೂ ಅದರ ಚಿತ್ರ ಅಚ್ಚಾಗಿಹೋಗಿದ್ದರಿಂದ ಒಂದು ದಿನದ ಮಟ್ಟಿಗಾದರೂ ಅದು ನಡೆಯಬೇಕಿತ್ತು. ಬಂದವರು ಮೆಚ್ಚಿ ದುಡ್ಡು ಹಾಕಿದರೆ ಬೀಗ ಕಾಯಂ ತೆಗೆಯುತ್ತಾರೆ, ಇವತ್ತು ಅಂಗಿ ಹಾಕಿದವರಿಗೇ ಮೊದಲು ಕೆಲಸ ಎಂದು ಸೂಪರ್‌ವೈಸರ್ ಊರೆಲ್ಲ ಹೇಳಿಕೊಂಡು ಬಂದಿದ್ದ.

ಒಳಗೆ ಉಳಿದಿದ್ದದ್ದು ಒಂದೇ ಪ್ರೆಸ್. ಮಿಕ್ಕವನ್ನೆಲ್ಲ ಬೋಲ್ಟು ಬಿಚ್ಚಿ ಮಾರಿಯಾಗಿತ್ತು. ಖಾಲಿ ಜಾಗ ಕಾಣದ ಹಾಗೆ ಅಡ್ಡಲಾಗಿ ಆಳೆತ್ತರದ ಬೋರ್ಡುಗಳನ್ನು ನಿಲ್ಲಿಸಿದ್ದರು. ಅವುಗಳ ತುಂಬ ಮೇಲಕ್ಕೇರುವ ಬಾಣದ ಗುರುತುಗಳು, ನಗುವ ಮುಖಗಳು.

ಪ್ರೆಸ್ಸಿನ ಆಚೆ ಬದಿಯಲ್ಲಿ ಆಪರೇಟರ್‌ನ ಹೆಂಡತಿಯ ತಮ್ಮ ಎಣ್ಣೆ ಹಾಕುತ್ತಿದ್ದ. ಆರಡಿ ಆಳು, ಮೀಸೆ ಬಂದು ಎಷ್ಟೋ ವರ್ಷವಾಗಿದೆ, ಆದರೂ ಅಕ್ಕ ಕರೆದ ಹಾಗೆ ಕಾರ್ಖಾನೆಗೆಲ್ಲ ಅವನು ಪುಟ್ಟ.

"ಭಾವ, ಪಾಪ ವೆಲ್ಡರ್‌ಗೆ ಹಂಗಾ ಹೊಡೆಯೋದು?"

"ನಿಂಗೆ ಅಂಗಿ ಹೆಂಗ್ ಸಿಕ್ತು?"

"ನಂಗೆ ಯಾರದ್ದೂ ಆಗಲ್ಲ ಅಂತ ದೊಡ್ಡದು ಒಂದನ್ನ ಎತ್ತಿಟ್ಟಿದ್ರಂತೆ. ನೋಡಿ, ಉದ್ದ ಇರೋದೂ ಒಂದು ಕ್ವಾಲಿಫಿಕೇಶನ್ನು."

ಇಬ್ಬರೂ ಸೇರಿ ಫ್ರಿಜ್ಜಿನ ಬಾಗಿಲು ಒತ್ತುತ್ತಿದ್ದ ಪ್ರೆಸ್ ಅದು. ತಗಡನ್ನು ಅಚ್ಚಿನ ಮೇಲಿಟ್ಟು, ಸರಿಯಾಗಿ ಕೂರಿಸಿ, ಕೈ ಹೊರಗೆಳೆದುಕೊಂಡು ಪುಟ್ಟ "ಹೂಂ" ಎನ್ನಬೇಕು. ಆಗ ಭಾವ ಪೆಡಲ್ ತುಳಿಯಬೇಕು. ಕೈ ಒಳಗಿದ್ದರೆ ತಾನಾಗಿ ನಿಲ್ಲುವ ವ್ಯವಸ್ಥೆ ಮೊದಲು ಇತ್ತು. ಅದರಿಂದ ಕೆಲಸ ನಿಧಾನ ಎಂದು ಕಂಪನಿಯವರೇ ಕಿತ್ತುಹಾಕಿಸಿದ್ದರು. ಅಷ್ಟು ಪ್ರೆಸ್ಸುಗಳ ಗದ್ದಲದಲ್ಲಿ ಬೇರೆ ಯಾವ ಮಾತೂ ಕಿವಿಗೆ ಬೀಳುತ್ತಿರಲಿಲ್ಲ, ಮೂಗಿನಿಂದ ಹೊರಡುವ ಆ ಒಂದು ಹೂಂ ಮಾತ್ರ ಸೀದಾ ಕಾಲಿಗೇ ಹೋಗಿ ಮುಟ್ಟುತ್ತಿತ್ತು. ಅದಕ್ಕೇ ಪ್ರೆಸ್ ಶಾಪಿನಲ್ಲಿ ಸುಮ್ಮಸುಮ್ಮನೆ ಯಾರೂ ಹೂಂ ಅನ್ನುವಂತಿರಲಿಲ್ಲ. ಸರಿ, ಆಯ್ತು, ಹೌದು, ಏನಾದರೂ ಅನ್ನಬಹುದಿತ್ತು, ಹೂಂ ಮಾತ್ರ ಇಲ್ಲ. ಹೊಸಬನೊಬ್ಬ ಕತೆ ಕೇಳುತ್ತ ಹೂಂಗುಟ್ಟಿದ್ದಕ್ಕೆ ಇದೇ ಆಪರೇಟರ್ ಅವನ ಕಪಾಳಕ್ಕೆ ಬಾರಿಸಿದ್ದ. ಆ ಅಭ್ಯಾಸ ಮನೆಗೂ ಬಂದು ಕೂತಿತ್ತು. "ಮದುವೆಯಾದಾಗಿಂದ ಕಾಯ್ತಿದೀನಿ," ಎಂದು ಹೆಂಡತಿ ಅಣಕಿಸುತ್ತಿದ್ದಳು, "ನಿಮ್ಮ ಬಾಯಲ್ಲಿ ಒಂದು ಹೂಂ ಅನ್ನಿಸೋಕಾಗ್ಲಿಲ್ಲ ನಂಗೆ."

ಸೂಪರ್‌ವೈಸರ್ ಕೊರಳಲ್ಲಿ ಸದಾ ಪೀಪಿ ತೂಗುತ್ತಿದ್ದುದರಿಂದ ಅವನಿಗೆ ಸೀಟಿ ಎಂದೇ ಹೆಸರು. ಅವನು ಹತ್ತಿರ ಬಂದಾಗ ಆಪರೇಟರ್ ಹೇಳಿದ, "ಸಾರ್, ಬರೋರಿಗೆ ಒಂದು ಮಾತು ಹೇಳಿಬಿಡಿ. ಪ್ರೆಸ್ ಹತ್ರ ಹೂಂ ಅನ್ನಬಾರದು ಅಂತ. ಇವತ್ತು ಬೇರೆ ಮಿಷನ್ ಸದ್ದಿಲ್ಲ, ಎಲ್ಲಾರ ಮಾತೂ ಕೇಳುತ್ತೆ."

ಸೀಟಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹೂಂ ಅನ್ನಬೇಡಿ ಅಂತ ಸಚಿವರಿಗೆ ನಾನು ಹೇಳ್ಲಾ? ಅವರು ಹೂಂ ಅಂದ್ರೆ ತಾನೇ ಮಾರಾಯ ಬೀಗ ತೆಗೆಯೋದು."

ಪುಟ್ಟ ಕಿಸಕ್ಕನೆ ನಕ್ಕ. "ಬಿಡಿ ಭಾವ. ನನ್ನ ದನಿ ನಿಮಗೆ ಗೊತ್ತಿಲ್ವಾ?"

ಬಂದರು. ಹಳದಿ ಹೆಲ್ಮೆಟ್ಟುಗಳ ಒಂದು ಹಿಂಡು, ಅದರ ಮುಂದೆ ಸಚಿವರು, ಅವರ ಮಗ್ಗುಲಲ್ಲಿ ಕೈಗಾರಿಕಾ ಇಲಾಖೆಯ ಅಧಿಕಾರಿ ಹೆಂಗಸು. ತಗಡು ಕೂರಿಸಿ ಪುಟ್ಟ ಹೂಂ ಅಂದ. ಪೆಡಲ್ ಇಳಿಯಿತು. ನೆಲ ಅದುರಿತು. ಚಪ್ಪಟೆ ತಗಡು ಬಾಗಿಲಾಗಿ ಎದ್ದಿತು. ಹೆಲ್ಮೆಟ್ಟಿನವರು ಚಪ್ಪಾಳೆ ತಟ್ಟಿದರು.

"ಬಂಡವಾಳ ತರೋದ್ರಲ್ಲಿ ಹೋದ ವರ್ಷ ನಾವು ಒಂಬತ್ತನೇ ಸ್ಥಾನದಲ್ಲಿದ್ವಿ ಸರ್," ಎಂದರು ಅಧಿಕಾರಿ.

"ಹೂಂ," ಎಂದರು ಸಚಿವರು.

ಆಪರೇಟರ್‌ನ ಕಾಲು ಝುಂ ಎಂದಿತು. ತುಳಿಯಲಿಲ್ಲ. ಕಿವಿ ಸತ್ತುಹೋಗಲಿ, ಕಣ್ಣು ಪುಟ್ಟನ ಕೈ ಮೇಲಿರಲಿ ಎಂದುಕೊಂಡ.

"ಈ ವರ್ಷ ಮೂರನೇ ಸ್ಥಾನ."

"ಹೂಂ."

ಹಿಮ್ಮಡಿ ಊರಿ ಪಾದವನ್ನು ಎತ್ತಿ ಹಿಡಿದ. ಬೆವರು ಕಣ್ಣಿಗಿಳಿಯಿತು. ಆಗ ಕ್ಯಾಮೆರಾದವನು ನಡುವೆ ನುಗ್ಗಿ, ಹೊಳಪು ಬರ್ತಿಲ್ಲ, ತಗಡು ಸ್ವಲ್ಪ ಈ ಕಡೆ ತಿರುಗಿಸಿ ಎಂದ. ಅವನ ಬೆನ್ನು ಅಡ್ಡ ಬಂತು. ಪುಟ್ಟನ ಕೈ ಕಾಣಲಿಲ್ಲ.

"ಈ ಒಂದೇ ಘಟಕದಿಂದ ಸಾವಿರಾರು ಕೈಗಳಿಗೆ ಕೆಲಸ ಸಿಕ್ಕಿದೆ ಸರ್."

"ಹೂಂ."

ನೆಲ ಅದುರಿತು. ಹೆಲ್ಮೆಟ್ಟಿನವರು ಮತ್ತೆ ಚಪ್ಪಾಳೆ ತಟ್ಟಿದರು.

ಕ್ಯಾಮೆರಾದವನು ಸರಿದ. ಪುಟ್ಟ ಬಾಯಿ ತೆರೆದು ನಿಂತಿದ್ದ, ಸದ್ದಿರಲಿಲ್ಲ. ಎಡಗೈ ಬಲ ಮಣಿಕಟ್ಟನ್ನು ಹಿಡಿದಿತ್ತು. ಮಣಿಕಟ್ಟಿನಾಚೆ ಹೆಬ್ಬೆರಳು ಮಾತ್ರ ಬೆರಳಿನ ಹಾಗಿತ್ತು. ಸೀಟಿ ಎರಡೇ ಹೆಜ್ಜೆಗೆ ಬಂದು ಅವನನ್ನು ಮರೆಮಾಡಿ ನಿಂತು, ಹಲ್ಲು ಕಚ್ಚಿಕೊಂಡೇ ಹೇಳಿದ, "ಕೂಗಬೇಡ ಪುಟ್ಟ. ಎರಡು ನಿಮಿಷ ತಡ್ಕೊ. ಅವರು ಆಚೆ ಹೋಗ್ಲಿ. ಎಲ್ಲಾರ ಹೊಟ್ಟೆಪಾಡು."

ಪುಟ್ಟ ತಲೆಯಾಡಿಸಿದ. ಕೈಯನ್ನು ಅಂಗಿಯೊಳಗೆ ತುರುಕಿಕೊಂಡ. ನೀಲಿ ಬಟ್ಟೆ ಹೊಟ್ಟೆಯ ಮೇಲೆ ಕಪ್ಪಾಗುತ್ತ ಇಳಿಯಿತು. ಸಚಿವರು ಹೊರಡುವಾಗ ದೂರದಿಂದಲೇ ಅವನತ್ತ ಕೈಯೆತ್ತಿ, "ಚೆನ್ನಾಗಿ ಮಾಡ್ತಿದೀರಿ" ಎಂದರು. "ಥ್ಯಾಂಕ್ಸ್ ಸಾರ್," ಎಂದ ಪುಟ್ಟ.

ಸೀಟಿ ಚಿಂದಿ ಬಟ್ಟೆ ತೆಗೆದು ಅಚ್ಚನ್ನು ಒರೆಸಿದ. ಒರೆಸಿದ್ದನ್ನು ನೋಡದೆ ಮಡಚಿ ಜೇಬಿಗಿಟ್ಟುಕೊಂಡ. "ಇನ್ನೊಂದು ಹೊಡಿ," ಎಂದ ಆಪರೇಟರ್‌ಗೆ. "ಅವರಿನ್ನೂ ನೋಡ್ತಿದ್ದಾರೆ. ಬೇಗ."

ಆಪರೇಟರ್ ದೊಡ್ಡ ಸ್ಪ್ಯಾನರ್ ತೆಗೆದುಕೊಂಡ. ಅದು ಮೇಲೆದ್ದಿದ್ದನ್ನು ಕಂಡು ಸೀಟಿ ಕಾವಲಿನವರನ್ನು ಕರೆಯಲು ಪೀಪಿಯನ್ನು ಬಾಯಿಗಿಟ್ಟ. ಸ್ಪ್ಯಾನರ್ ಬಾಯಿಗೆ ಬಿದ್ದಾಗ ಪೀಪಿ ಒಮ್ಮೆ ಕೂಗಿತು, ಆಮೇಲೆ ಹಲ್ಲುಗಳ ಸಮೇತ ಒಳಗೆ ಹೋಯಿತು. ಆಪರೇಟರ್ ಅದೇ ಸ್ಪ್ಯಾನರನ್ನು ಅಚ್ಚಿನ ಮೇಲಿಟ್ಟು, ಯಾರ ಮಾತಿಗೂ ಕಾಯದೆ ಪೆಡಲ್ ಮೇಲೆ ನಿಂತ. ಉಕ್ಕು ಸೀಳಿದ ಸದ್ದಿಗೆ ಹೆಲ್ಮೆಟ್ಟುಗಳೆಲ್ಲ ತಿರುಗಿದವು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಾವಲಿನವರ ಲಾಠಿಗಳು ಮೊದಲು ಮಂಡಿಗೆ ಬಿದ್ದವು, ಆಮೇಲೆ ಬೆನ್ನಿಗೆ, ಹುಬ್ಬಿಗೆ. ಅವನು ಹೋಗಿ ಬೋರ್ಡೊಂದಕ್ಕೆ ಅಪ್ಪಳಿಸಿದ. ಬಾಣವೂ ನಗುಮುಖವೂ ಅವನ ಜೊತೆಗೇ ಮಗುಚಿಬಿದ್ದವು. ಆಚೆ ಬರಿಯ ನೆಲ, ಸಾಲಾಗಿ ಬೋಲ್ಟಿನ ತೂತುಗಳು, ಹಾರಿಹೋಗುವ ಪಾರಿವಾಳಗಳು. ಹೊರದೇಶದವನೊಬ್ಬ ಹೆಲ್ಮೆಟ್ ತೆಗೆದು ಆ ಬಯಲನ್ನು ನೋಡುತ್ತ ನಿಂತ. ಅಧಿಕಾರಿ ಹೆಂಗಸು ಬೇರೇನೋ ತೋರಿಸಿ ಅವನನ್ನು ಕರೆದೊಯ್ದರು.

ಭಾವ ಭಾಮೈದ ಇಬ್ಬರನ್ನೂ ಹಿಂದಿನ ಗೇಟಿನಿಂದ ಆಚೆ ನೂಕಿದರು. ಅಲ್ಲಿ ಗೂಡ್ಸ್ ಗಾಡಿಗೆ ಒರಗಿಕೊಂಡು ವೆಲ್ಡರ್ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ. ಪುಟ್ಟನ ಅಂಗಿ ನೋಡಿ ಬಟ್ಟೆ ಎಸೆದ.

"ಹತ್ತಿಸು."

"ಗಾಡಿಯೆಲ್ಲ ರಕ್ತ ಆಗುತ್ತೆ ಕಣೋ. ನಿಮ್ಮ ಮಾವ..."

"ನಿನ್ನ ಲೆಕ್ಕ ಆಮೇಲೆ ತೀರಿಸ್ತೀನಿ. ಹತ್ತಿಸು ಮೊದ್ಲು."

ಆಪರೇಟರ್‌ನ ಹೆಂಡತಿ ಆಸ್ಪತ್ರೆಗೆ ಬಂದಾಗ ಸಂಜೆಯಾಗಿತ್ತು. ವಾರ್ಡಿನ ಬಾಗಿಲಲ್ಲಿ ಪೊಲೀಸಿನವನು ಕುರ್ಚಿ ಹಾಕಿ ಕೂತಿದ್ದ. ಆಪರೇಟರ್‌ನನ್ನು ಕರೆದೊಯ್ಯಲು ಬಂದವನು, ಹೆಂಡತಿ ಜೊತೆ ಮಾತಾಡಿ ಮುಗಿಸಲಿ ಎಂದು ಬೇರೆ ಕಡೆ ನೋಡುತ್ತಿದ್ದ. ಹೊರಗಿನ ಟಿವಿಯಲ್ಲಿ ರಾಜ್ಯ ಮೂರನೇ ಸ್ಥಾನಕ್ಕೇರಿದ ಸುದ್ದಿ ಬರುತ್ತಿತ್ತು. ನಡುವೆ ಪ್ರೆಸ್ಸಿನ ಸದ್ದು, ಚಪ್ಪಾಳೆ.

ಮದ್ದಿನ ಮಂಪರಿನಲ್ಲಿ ಪುಟ್ಟ ಮಲಗಿದ್ದ. ಬಲಗೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಗ್ಗುಲ ದಿಂಬಿನ ಮೇಲಿಟ್ಟಿದ್ದರು. ಅವಳು ಆ ಕೈ ನೋಡಿದಳು, ಗಂಡನ ಹೊಲಿಗೆ ಬಿದ್ದ ಹುಬ್ಬು ನೋಡಿದಳು. ಅಳಲಿಲ್ಲ.

"ಬೀಗ ತೆಗೀತಾರಂತಾ?"

"ಅಚ್ಚು ಒಡೆದುಹಾಕ್ದೆ."

ಅವಳು ತಮ್ಮನ ಹಣೆಯ ಮೇಲಿನ ಕೂದಲು ಸರಿಸಿದಳು. ತುಂಬ ಹೊತ್ತು ಅದನ್ನೇ ಸರಿಸುತ್ತಿದ್ದಳು.

"ಇವನ ಕೈ ಒಳಗಿದ್ದಾಗ," ಎಂದಳು, ಅವನ ಕಡೆ ನೋಡದೆ, "ತುಳಿದಿದ್ದು ನೀವೇನಾ?"

ಸಚಿವರು, ಕ್ಯಾಮೆರಾದವನು, ಸೀಟಿ, ಎಲ್ಲರೂ ಅವನ ನಾಲಗೆಯ ತುದಿಯವರೆಗೆ ಬಂದರು. ಸರಿ ಅನ್ನುವ ಪ್ರಶ್ನೆಯಲ್ಲ ಅದು. ಹೌದು ಎನ್ನಲು ಬಾಯಿ ತೆರೆಯಬೇಕಿತ್ತು.

"ಹೂಂ," ಎಂದ.

ದಿಂಬಿನ ಮೇಲಿದ್ದ ಬಿಳಿ ಕಟ್ಟಿನ ಕೈ ಸರಕ್ಕನೆ ಎದೆಗೆ ಹೋಯಿತು. ಪುಟ್ಟ ಕಣ್ಣು ಬಿಡಲಿಲ್ಲ. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮತ್ತೆ ದಿಂಬಿನ ಮೇಲಿಟ್ಟಳು.