ಅಲಾಯಿಗೆ ಕೊಟ್ಟ ನೊಗ

ಕಾಲುವೆ ಕಚೇರಿಯ ಗುಮಾಸ್ತನಾಗಿದ್ದ ಆದಪ್ಪ ನಿವೃತ್ತನಾಗಿ ಸಿಂಧನೂರಿನಿಂದ ಸಂತೆಕಲ್ಲೂರಿಗೆ ಬಂದ ಕೆಲವೇ ದಿನಗಳಲ್ಲಿ ಹೆಂಡತಿ ಸೂಗಮ್ಮ ಶಿವನ ಪಾದ ಸೇರಿದಳು. ಅವಳ ಹೊಲಿಗೆ ಯಂತ್ರ ಮೂಲೆಯಲ್ಲಿ ಉಳಿಯಿತು. ಅದನ್ನು ನೋಡುತ್ತ ಕೂರಲಾಗದೆ ಆದಪ್ಪ ಅದರ ಚಕ್ರ, ತುಳಿಪಟ್ಟಿಗಳನ್ನು ಬಿಚ್ಚಿ, ಮಸ್ಕಿಯ ಗುಜರಿಯಿಂದ ತಂದ ಬೇರಿಂಗು ಸೇರಿಸಿ, ಕಟ್ಟಿಗೆ ಕಡೆಯುವ ಲೇತು ಮಾಡಿಕೊಂಡನು. ಉಳಿಗಾಗಿ ಮೊದಲು ಸವೆದ ಅರವೊಂದನ್ನು ಮಸೆದನು. ಅದು ಕಟ್ಟಿಗೆಗೆ ತಾಗುತ್ತಲೇ ಚಟ್ಟನೆ ಮುರಿಯಿತು. ಆಮೇಲೆ ಲಿಂಗಸುಗೂರಿನ ಕಮ್ಮಾರ ಕರೀಂಸಾಬ್ ಲಾರಿಯ ಕಮಾನುಪಟ್ಟಿಯ ತುಂಡು ಕಾಸಿ ಬಡಿದುಕೊಟ್ಟನು. ಅದರಿಂದ ಆದಪ್ಪ ಲಟ್ಟಣಿಗೆ, ಬುಗುರಿ ಕಡೆದು ಓಣಿಗೆಲ್ಲ ಹಂಚಿದನು.

ಸೂಗಮ್ಮನ ವರ್ಷದ ಪೂಜೆಗೆ ಒಂದು ದೀಪದ ಕಂಬ ಮಾಡಬೇಕೆಂದು ಅವನ ಆಸೆ. ಸಿಕ್ಕ ಕಟ್ಟಿಗೆಯೆಲ್ಲ ಹಸಿ. ಕಡೆದ ಮೇಲೆ ಸೀಳುತ್ತಿತ್ತು.

ಅಷ್ಟರಲ್ಲಿ ಮೊಹರಂ ಬಂತು. ಹಬ್ಬಕ್ಕೆ ತೋಡುವ ಅಲಾಯಿ ಕುಣಿಯ ಬೆಂಕಿಗೆ ಜಾತಿ ಎಣಿಸದೆ ಮನೆಗೊಂದು ಕಟ್ಟಿಗೆ ಕೊಡುವುದು ಊರಿನ ವಾಡಿಕೆ. ಮಸೀದಿಯ ಮುಂದಿನ ರಾಶಿಯಲ್ಲಿ ಆದಪ್ಪ ಒಂದು ಹಳೆಯ ನೊಗದ ತುಂಡು ಕಂಡನು. ಚೆನ್ನಾಗಿ ಒಣಗಿತ್ತು, ಬಿರುಕಿರಲಿಲ್ಲ. ಅದರ ಎರಡರಷ್ಟು ದಪ್ಪದ ಜಾಲಿ ಕೊರಡು ತಂದು ಹಾಕಿ, ನೊಗ ಒಯ್ದನು. ಸುಡುವುದಕ್ಕೆ ಯಾವುದಾದರೇನು, ದೇವರಿಗೆ ಹೆಚ್ಚೇ ಕೊಟ್ಟೆನಲ್ಲ ಎಂದುಕೊಂಡನು. ಸಂಜೆಗೆ ದೀಪದ ಕಂಬ ಸಿದ್ಧವಾಯಿತು. ಹೆರೆದ ಸಿಪ್ಪೆಯನ್ನು ಬಚ್ಚಲ ಒಲೆಗೆ ಹಾಕಿ ಸ್ನಾನದ ನೀರು ಕಾಸಿಕೊಂಡನು.

ಬೆಂಕಿ ಹಾಕುವ ದಿನ ಬೆಳಿಗ್ಗೆ ನೆರೆಮನೆಯ ಹುಸೇನಮ್ಮ ಹಬ್ಬದ ಸಿಹಿ ಚೊಂಗೆ ಕೊಡಲು ಬಂದು ದೀಪದ ಕಂಬ ಕಂಡಳು.

"ಎಂಥಾ ಚೆಂದ ಕಡದೀರಿ ಮಾವ! ಅತ್ತಿ ಇದ್ದಿದ್ರ ಮೊದ್ಲು ಮಿಷಿನ್ ಹಾಳು ಮಾಡೀರಿ ಅಂತ ಬೈತಿದ್ಲು, ಆಮ್ಯಾಲ ದೀಪ ಹಚ್ತಿದ್ಲು."

"ಗದ್ದೆಪ್ಪ ಹೆಂಗದಾನವ್ವ?"

"ಪಕ್ಕಡಿ ಎಲುಬು ಕೂಡ್ಯಾವ. ಅಂಜಿಕಿ ಹೋಗವಲ್ದು. ಎತ್ತು ಬೆದರಿ ನೊಗ ಎದಿಗೆ ಬಡದಾಗಿಂದ ನನ್ನ ಮಗ ಕೊಟ್ಟಗಿ ಕಡೆ ಮಾರಿ ಮಾಡಿಲ್ಲ. ಆ ನೊಗಾನ ಅಲಾಯಿಗೆ ಬೇಡಿಕೊಂಡು ರಾಶಿಗೆ ಹಾಕೀನಿ. ಇವತ್ತು ಅದು ಸುಡೂದು ಕಣ್ಣಿಲೆ ನೋಡಿದ್ರ ನಾಳೆ ಎತ್ತು ಹೂಡ್ತೀನಿ ಅಂದಾನ."

ಆದಪ್ಪ ಕೈಯಲ್ಲಿದ್ದ ಚೊಂಗೆಯನ್ನು ಕೆಳಗಿಟ್ಟನು. ಅವಳು ಹೋದ ಮೇಲೆ ದೀಪದ ಕಂಬವನ್ನು ಟವೆಲಿನಲ್ಲಿ ಸುತ್ತಿಕೊಂಡು ಪೀರಲ ದೇವರ ಸೇವೆ ಮಾಡುವ ಮುಜಾವರ ಜಿಲಾನಿಸಾಬನ ಬಳಿ ಹೋಗಿ ನಡೆದುದನ್ನು ಹೇಳಿದನು.

"ದಿನಾ ಎರಡು ಹೊತ್ತು ಲಿಂಗಪೂಜಿ ಮಾಡಾಂವ, ದೇವರ ಕಟ್ಟಿಗಿ ಕದ್ದೆಲ್ಲೋ!"

"ಕದ್ದಿಲ್ಲ, ಬದಲಿ ಇಟ್ಟೀನಿ."

"ಹಂಗಿದ್ರ ಆಕಿಗೆ ಹೇಳು. ನನ್ನ ಮುಂದ್ಯಾಕ ಹೇಳಾಕತ್ತಿ?"

ಆದಪ್ಪ ಹುಸೇನಮ್ಮನ ಮನೆಗೆ ಹೋಗಿ ಎಲ್ಲ ಹೇಳಿದನು. ಅವಳು ಕಂಬವನ್ನು ಕೈಯಲ್ಲಿ ಹಿಡಿದು ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಆದಪ್ಪನಿಗೆ ಹಗುರವಾಗುತ್ತಿತ್ತು.

"ಉಳಿದದ್ದು?"

"ಬಚ್ಚಲ ಒಲಿಗೆ ಹಾಕೀನಿ."

"ಜಳಕಾನೂ ಮಾಡಿದ್ರಿ?"

"ಮಾಡೀನಿ."

"ಒಲ್ಯಾಗಿನ ಬೂದಿ ಅಷ್ಟೂ ಕುಣಿಗೆ ತರ್ರಿ ಮಾವ."

"ಅದರಾಗ ಬ್ಯಾರೆ ಕಟ್ಟಿಗಿ ಬೂದಿನೂ ಐತೆವ್ವ."

"ನಮ್ಮದ್ಯಾವುದು ಅಂತ ದೇವರಿಗೆ ಗೊತ್ತಾಗ್ತದ. ನೀವ ಹೊತ್ಕೊಂಡು ಬರ್ರಿ."

ಸಂಜೆ ಹಲಗೆ ಬಡಿಯುತ್ತಿರಲು ಆದಪ್ಪ ಬೂದಿಯ ಬುಟ್ಟಿ ಹೊತ್ತು ನಡೆದನು. ಬೂದಿ ಹೆಗಲ ಮೇಲೆ ಉದುರುತ್ತಿತ್ತು.

"ಏನ್ರೀ ಆದಪ್ಪ, ಇನ್ನಾ ಬೆಂಕಿ ಹತ್ತಿಲ್ಲ, ಬೂದಿ ಆಗಲೇ ಬಂತು!" ಎಂದು ಕಟ್ಟೆಯ ಮೇಲಿನ ದ್ಯಾವಪ್ಪ ಕೂಗಿದನು. ಜನ ನಕ್ಕರು.

"ಹುಸೇನಮ್ಮನ ಹರಕಿ ನೊಗ. ನಾ ಒಯ್ದು ಕಡದು, ಅರ್ಧ ಸುಟ್ಟೀನಿ" ಎಂದನು ಆದಪ್ಪ. ನಗು ನಿಂತಿತು. ಮುಂದಿನ ಕಟ್ಟೆಯವರೂ ಕೇಳಿದರು. ಅಲ್ಲಿಯೂ ಅದನ್ನೇ ಹೇಳಬೇಕಾಯಿತು.

ಕುಣಿಯಲ್ಲಿ ಬೆಂಕಿ ಎದ್ದಿತು. ಆದಪ್ಪ ಬೂದಿ ಸುರಿದನು. ಹುಸೇನಮ್ಮ ದೀಪದ ಕಂಬವನ್ನು ಮಗನ ಕೈಗಿತ್ತಳು. ಗದ್ದೆಪ್ಪ ಅದನ್ನು ತಿರುಗಿಸಿ ನೋಡಿದನು. ದುಂಡಗೆ, ನುಣ್ಣಗೆ ಇತ್ತು.

"ಇದು ಅದಲ್ಲ ಬೇ."

ಆದಪ್ಪ ಕಂಬವನ್ನು ಇಸಿದುಕೊಂಡು ಬುಡ ಮೇಲೆ ಮಾಡಿದನು. ನೊಗದ ಗೂಟ ಕೂರುವ ತೂತಿನ ಅರ್ಧ ಅಲ್ಲಿ ಉಳಿದಿತ್ತು; ಅಂದಗೇಡೆಂದು ಅದಕ್ಕೆ ತಾನೇ ಬೆಣೆ ಜಡಿದು ಅರಗು ಸವರಿದ್ದನು. ಈಗ ಉಗುರಿನಿಂದ ಬರಲಿಲ್ಲ. ಊರೆಲ್ಲ ನೋಡುತ್ತಿರುವಾಗ ಬೆಣೆಯನ್ನು ಹಲ್ಲಿನಿಂದ ಕಿತ್ತನು.

ಗದ್ದೆಪ್ಪ ತೂತಿನಲ್ಲಿ ಬೆರಳಿಟ್ಟನು. ಅವನ ಮುಖ ಬಿಳಿಚಿತು. ಮರುಕ್ಷಣವೇ ಅದನ್ನು ಬೆಂಕಿಗೆ ಎಸೆದನು.

ಆದಪ್ಪ ಹೋಗಲೆಂದು ಜನ ದಾರಿ ಬಿಟ್ಟರು. ಆದರೂ ಅವನು ಖಾಲಿ ಬುಟ್ಟಿ ಹಿಡಿದು, ಕಂಬ ಪೂರ್ತಿ ಉರಿಯುವ ತನಕ ತಾಯಿ ಮಗನ ಹಿಂದೆಯೇ ನಿಂತನು. ಅವರಿಬ್ಬರೂ ಹಿಂದಿರುಗಿ ನೋಡಲಿಲ್ಲ.